ಬಸುರಿ ಇಲಿಗೊಂದು ತುಂಡು ರೊಟ್ಟಿ

ಬೂಜಮಾ ಅಲ್ಜೀರ್ಸ್ ಪಟ್ಟಣಕ್ಕೆ ಬಂದದ್ದು ನಲವತ್ತು ಇಲಿಗಳ ಜೊತೆ. ೧೯೭೪ರ ವಸಂತಕಾಲ. ಬೆನಿ ಅಬ್ಬೆಸ್‌ನ ಮರಳುದಿಬ್ಬದ ಬುಡದಿಂದ ಹೊರಟ ಸರಕಾರಿ ಲಾರಿ ಎರಡು ಹಗಲು ಓಡಿದ ಮೇಲೆ ಸಮುದ್ರ ಕಂಡಿತು. ಬೋನುಗಳ ಮೇಲೆ ಒದ್ದೆ ಗೋಣಿ ಹೊದಿಸಿ, ಇಲಿಗಳಿಗೆ ಬಿಸಿಲು ತಾಗದ ಹಾಗೆ ತಾನು ಬಿಸಿಲಿಗೆ ಬೆನ್ನು ಕೊಟ್ಟು ಕೂತು ಬಂದ. ಮೂವತ್ತೆಂಟು ಬದುಕಿ ತಲುಪಿದವು. ಹೆಂಡತಿ ಮೆಸ್ಸಾವುದಾ ಬಂದದ್ದು ಎರಡು ತಿಂಗಳ ಮೇಲೆ, ಬಸ್ಸಿನಲ್ಲಿ, ಒಬ್ಬಳೇ. “ಇಲಿಗೆ ಲಾರಿ, ಹೆಂಡ್ತಿಗೆ ಬಸ್ಸು” ಎಂದು ಅವಳು ಅದನ್ನು ವರ್ಷಗಟ್ಟಲೆ ಎತ್ತಿ ಆಡಿದಳು. ಮಾತು ನಿಜವೇ ಆಗಿತ್ತು.

ಇಲಿ ಎಂದರೆ ಉಗ್ರಾಣದ ಇಲಿಯಲ್ಲ. ಅವರ ಕಡೆ ಅದಕ್ಕೆ ಜರ್ದ್ ಎನ್ನುತ್ತಾರೆ. ಹಗಲಲ್ಲೇ ಓಡಾಡುತ್ತದೆ, ಬಿಲದ ಬಾಯಲ್ಲಿ ಹಿಂಗಾಲ ಮೇಲೆ ನಿಂತು ದಾರಿಹೋಕರನ್ನು ನೋಡುತ್ತದೆ. ತಿನ್ನುವುದು ಉಪ್ಪುಸೊಪ್ಪು, ಎಂದರೆ ಚೌಳು ನೆಲದಲ್ಲಿ ಬೆಳೆಯುವ ಬೂದಿಬಣ್ಣದ ಗಿಡದ ಎಲೆ. ಆ ಎಲೆ ತಿಂದುಕೊಂಡಿರುವವರೆಗೆ ಅದಕ್ಕೆ ಯಾವ ರೋಗವೂ ಇಲ್ಲ. ಪಟ್ಟಣಕ್ಕೆ ತಂದು ಕಾಳು ಹಾಕಿದಿರೋ, ಕೆಲವೇ ವಾರಗಳಲ್ಲಿ ಊದಿಕೊಳ್ಳುತ್ತದೆ, ನೀರು ನೀರು ಎನ್ನುತ್ತದೆ, ಕಣ್ಣಿಗೆ ಪೊರೆ ಬರುತ್ತದೆ. ಸಕ್ಕರೆ ಕಾಯಿಲೆ! ಈಜಿಪ್ಟಿನ ಕಡೆ ಈ ಇಲಿಯನ್ನು ಹಿಡಿದು ಸಾಕಿದ ವಿಜ್ಞಾನಿಗಳು ಇದನ್ನು ಹತ್ತು ಹದಿನೈದು ವರ್ಷ ಮೊದಲೇ ಕಂಡಿದ್ದರು. ಅಲ್ಜೀರ್ಸ್‌ನ ಗುಡ್ಡದ ಮೇಲಿನ ಸಂಶೋಧನಾ ಕೇಂದ್ರದಲ್ಲಿ ಪ್ರೊಫೆಸರ್ ಬೆನಾಶೂರ್ ಅದನ್ನೇ ಹಿಡಿದುಕೊಂಡು ಕೂತರು. ಮರಳುಗಾಡಿನಿಂದ ಪಟ್ಟಣಕ್ಕೆ ಬಂದು ಬಿಳಿ ರೊಟ್ಟಿ ತಿಂದು ಕೆಟ್ಟವರ ಕತೆಯನ್ನು ಈ ಇಲಿಯೇ ಹೇಳುತ್ತದೆ ಎಂದು ಅವರ ವಾದ. ಎದುರಿಗೆ ನಿಂತ ಬೂಜಮಾನೂ ಮರಳುಗಾಡಿನಿಂದ ಬಂದವನೇ, ಆದರೆ ಅದು ಆಗ ಯಾರಿಗೂ ಹೊಳೆಯಲಿಲ್ಲ.

ಅವನ ಕೆಲಸ ಹೀಗೆ. ಬೆಳಿಗ್ಗೆ ನದಿ ಸಮುದ್ರ ಸೇರುವ ಚೌಳಿಗೆ ಹೋಗಿ ಎರಡು ಗೋಣಿ ಉಪ್ಪುಸೊಪ್ಪು ಕೊಯ್ದು ತರುವುದು. ಬಲಗಡೆ ಸಾಲಿನ ಬೋನುಗಳಿಗೆ ಆ ಸೊಪ್ಪು ಮಾತ್ರ. ಎಡಗಡೆ ಸಾಲಿಗೆ ಗಿರಣಿಯಿಂದ ಬರುವ ಕಾಳಿನ ಗುಳಿಗೆ. ಎಡಸಾಲು ಕಾಯಿಲೆ ಬೀಳಬೇಕು, ಬಲಸಾಲು ಗಟ್ಟಿಮುಟ್ಟಾಗಿರಬೇಕು, ಎರಡನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಇಷ್ಟೇ ವಿದ್ಯೆ. ಬೂಜಮಾನಿಗೆ ಓದು ಬರುತ್ತಿರಲಿಲ್ಲ, ಆದ್ದರಿಂದ ಸೊಪ್ಪಿನ ಬೋನಿಗೆ ಹಸಿರು ದಾರ, ಕಾಳಿನ ಬೋನಿಗೆ ಕೆಂಪು ದಾರ ಕಟ್ಟಿದ್ದರು.

ಮೊದಲ ವಾರವೇ ಬೆನಾಶೂರ್ ಅವನಿಗೆ ನೀಲಿ ನೀರಿನ ಪರೀಕ್ಷೆ ಕಲಿಸಿದರು. ಗಾಜಿನ ಕೊಳವೆಯಲ್ಲಿ ನೀಲಿ ದ್ರಾವಣ, ಅದಕ್ಕೆ ಎಂಟು ಹನಿ ಮೂತ್ರ, ಆಮೇಲೆ ಸ್ಪಿರಿಟ್ ದೀಪದ ಮೇಲೆ ಕುದಿಸುವುದು.

“ನೀಲಿ ಹಾಗೇ ಉಳಿದ್ರೆ ಕ್ಷೇಮ. ಹಸಿರಾದ್ರೆ ಅನುಮಾನ. ಹಳದಿ ಆದ್ರೆ ಕೆಟ್ಟಿತು. ಇಟ್ಟಿಗೆ ಬಣ್ಣಕ್ಕೆ ತಿರುಗ್ತೋ, ಸಕ್ಕರೆ ತುಂಬಿದೆ ಅಂತ ಲೆಕ್ಕ” ಎಂದರು.

“ಇದಕ್ಕೆ ಇಷ್ಟೊಂದು ಗಾಜು ಯಾಕೆ ಡಾಕ್ಟ್ರೇ? ನಮ್ಮಜ್ಜಿ ಇರುವೆ ನೋಡಿ ಹೇಳ್ತಿದ್ಳು. ಕೂತೆದ್ದ ಜಾಗಕ್ಕೆ ಇರುವೆ ಮುತ್ತಿದ್ರೆ ಆ ಮನುಷ್ಯನಿಗೆ ಸಿಹಿ ಕಾಯಿಲೆ.”

“ನಿಮ್ಮಜ್ಜಿ ಈ ಕುರ್ಚೀಲಿ ಕೂರ್ಬೇಕಿತ್ತು ಕಣಯ್ಯ. ನಾನು ಪ್ಯಾರಿಸ್‌ಗೆ ಹೋಗಿ ಆರು ವರ್ಷ ದಂಡ ಮಾಡ್ದೆ” ಎಂದು ಬೆನಾಶೂರ್ ನಕ್ಕರು.

ಬೂಜಮಾ ಇರುವೆಯನ್ನೂ ಮೀರಿಸಿದ. ಬೋನಿನ ತಳದ ಹುಲ್ಲನ್ನು ಹಿಡಿ ತುಂಬ ತೆಗೆದು ಹಿಂಡಿ ನೋಡಿ, ಇದಕ್ಕೆ ಹತ್ತಿದೆ, ಇದಕ್ಕೆ ಹತ್ತಿಲ್ಲ ಎಂದುಬಿಡುತ್ತಿದ್ದ. ಸಕ್ಕರೆ ಹತ್ತಿದ ಇಲಿ ನೀರು ಕುಡಿದು ಕುಡಿದು ಹುಲ್ಲನ್ನು ತೊಪ್ಪೆ ಮಾಡುತ್ತದೆ. ಪ್ರಯೋಗಶಾಲೆಯ ಹುಡುಗರು ಅವನನ್ನು ಸುಳ್ಳು ಮಾಡಲೆಂದೇ ನೀಲಿ ನೀರು ಕುದಿಸುವರು, ಹತ್ತಕ್ಕೆ ಒಂಬತ್ತು ಸಲ ಸೋತು ಕಾಫಿ ಕುಡಿಸುವರು. ಹೀಗೆ ಏಳು ವರ್ಷ ಹೋಯಿತು.

ಎಂಬತ್ತೊಂದರಲ್ಲಿ ತ್ಲೆಮ್ಸೆನ್ ಊರಿನ ವಸ್ಸೀಲಾ ಎಂಬ ಹುಡುಗಿ ಡಾಕ್ಟರೇಟ್ ಮಾಡಲು ಬಂದಳು. ಸಣ್ಣ ಆಳು, ಚುರುಕು ಬಾಯಿ.

“ನೋಡ್ಕೊಂಡು ಕೈ ಹಾಕು ಮಗಳೇ, ಇವು ಕಚ್ತಾವೆ” ಎಂದ ಬೂಜಮಾ.

“ನಾನೂ ಕಚ್ತೀನಿ ಕಾಕಾ. ಅವಕ್ಕೆ ಹೇಳಿಟ್ಟಿರು.”

ಅಂದಿನಿಂದ ಇಬ್ಬರಿಗೂ ಒಗ್ಗಿತು. ಅವಳ ಪ್ರಶ್ನೆ ಬಸಿರಿನದು. ಕೆಲವು ಹೆಂಗಸರಿಗೆ ಬಸಿರಿನಲ್ಲಿ ಸಕ್ಕರೆ ಕಾಣಿಸಿಕೊಳ್ಳುತ್ತದಲ್ಲ, ತಪ್ಪು ಬಸಿರಿನದೋ, ಆಗ ತಿನ್ನುವ ಊಟದ್ದೋ? ಉಪ್ಪುಸೊಪ್ಪು ಬಿಟ್ಟು ಬೇರೇನೂ ತಿನ್ನದ ಇಲಿಗಳು ಬಸುರಾದರೆ ಏನಾಗುತ್ತದೆ ನೋಡೋಣ ಎಂದು ಅವಳು ಬಲಸಾಲನ್ನು ತನ್ನದಾಗಿ ಮಾಡಿಕೊಂಡಳು. ಬೋನಿನಲ್ಲಿ ಈ ಪ್ರಾಣಿಯನ್ನು ಕೂಡಿಸುವುದು ಸುಲಭದ ಮಾತಲ್ಲ. ಹೆಣ್ಣು ಮುನಿದರೆ ಗಂಡಿನ ಕಿವಿ ಹರಿಯುತ್ತದೆ. ಬೂಜಮಾ ಯಾವ ಹೆಣ್ಣಿಗೆ ಯಾವ ಗಂಡು ಎಂದು ಸಂಬಂಧ ಕುದುರಿಸುವವನ ಹಾಗೆ ನೋಡಿ ನೋಡಿ ಬಿಡುತ್ತಿದ್ದ. ಎರಡು ವರ್ಷದಲ್ಲಿ ಬಲಸಾಲಿನಲ್ಲಿ ಬಸುರಿಯರು ತುಂಬಿದರು.

ಎಂಬತ್ತಮೂರರ ರಂಜಾನ್ ಬೇಸಗೆಯಲ್ಲಿ ಬಂತು. ಉದ್ದನೆಯ ಹಗಲು. ಸಂಜೆಯ ಮೇವು ಮುಗಿಸಿ ಬೆಲ್ಕೂರ್ ಬಡಾವಣೆಯ ಮನೆಗೆ ಹೋಗುವಷ್ಟರಲ್ಲಿ ಹೊತ್ತು ಮೀರುತ್ತಿತ್ತು. ಅದಕ್ಕೇ ಮೆಸ್ಸಾವುದಾ ರವೆ ರೊಟ್ಟಿ, ಖರ್ಜೂರ, ಡಬ್ಬಿಯಲ್ಲಿ ಸೂಪು ಕಟ್ಟಿಕೊಡುತ್ತಿದ್ದಳು. ಅವನು ಇಲಿಮನೆಯ ನಡುವೆ ಚಾಪೆ ಹಾಕಿ ಕೂತು ಉಪವಾಸ ಬಿಡುತ್ತಿದ್ದ. ಮೆಸ್ಸಾವುದಾಳ ರೊಟ್ಟಿಯ ಘಮ ಎಂದರೆ ಸಾಮಾನ್ಯವಲ್ಲ. ಒಂದು ಸಂಜೆ ಅವನು ಬಟ್ಟೆ ಬಿಚ್ಚಿದ್ದೇ ತಡ, ಬಲಸಾಲಿನ ಒಂದು ಬಸುರಿ ಇಲಿ ಹಿಂಗಾಲ ಮೇಲೆದ್ದು ತಂತಿ ಹಿಡಿದು ನಿಂತಿತು. ಮೂಗು ಅದುರುತ್ತಿತ್ತು. ಹೊಟ್ಟೆ ತಂತಿಗೆ ಒತ್ತಿತ್ತು.

ಬೂಜಮಾನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

ಅವರಲ್ಲಿ ಬಸುರಿಯ ಮೂಗಿಗೆ ಘಮ ಹೋಯಿತೆಂದರೆ ಅವಳಿಗೊಂದು ಪಾಲು ಹೋಗಲೇಬೇಕು. ಗೊತ್ತಿಲ್ಲದ ಹೆಂಗಸಾದರೂ ಸರಿ, ಜಗಳವಾಡಿದ ನೆರೆಯವಳಾದರೂ ಸರಿ, ಬಾಗಿಲು ತಟ್ಟಿ ಕೊಟ್ಟು ಬರುತ್ತಾರೆ. ಕೊಡದಿದ್ದರೆ ಮಗುವಿಗೆ ಮಚ್ಚೆ ಮೂಡುತ್ತದೆ. ಅದೂ ಅದೃಷ್ಟ ಚೆನ್ನಾಗಿದ್ದರೆ. ಬೂಜಮಾನ ಅದೃಷ್ಟ ಚೆನ್ನಾಗಿರಲಿಲ್ಲ. ಅರವತ್ತೊಂಬತ್ತರ ಬಕ್ರೀದಿನ ಬೆಳಿಗ್ಗೆ, ಬೆನಿ ಅಬ್ಬೆಸ್‌ನಲ್ಲಿ, ತುಂಬಿದ ಬಸುರಿ ಮೆಸ್ಸಾವುದಾ ಪಕ್ಕದ ಮನೆಯ ಗೋಡೆಗೆ ಕೈಯೂರಿ ನಿಂತಿದ್ದಳು. ಆ ಕಡೆ ಕೆಂಡದ ಮೇಲೆ ಕುರಿಯ ಲಿವರ್ ಸುಡುತ್ತಿದ್ದರು. ಆ ವರ್ಷ ಇವರಿಗೆ ಕುರಿ ಕಡಿಯುವ ಶಕ್ತಿ ಇರಲಿಲ್ಲ. ಅವಳು ಬಾಯಿಬಿಟ್ಟು ಕೇಳಲಿಲ್ಲ. ಇವನಿಗೆ ಗೊತ್ತಾಯಿತು, ಆದರೆ ಹಬ್ಬದ ದಿನ ಇನ್ನೊಬ್ಬರ ಬಾಗಿಲಲ್ಲಿ ಕೈಯೊಡ್ಡಲು ನಾಚಿಕೆಯಾಗಿ ಸುಮ್ಮನಾದ. ನೆರೆಯವರ ಪಾಲು ಬಂದದ್ದು ಮಾರನೆಯ ದಿನ. ಮೂರು ವಾರದ ಮೇಲೆ ಗಂಡುಮಗು ಹುಟ್ಟಿತು, ಮೂರನೆಯ ದಿನ ನಡುಗಿ ನಡುಗಿ ತೀರಿಕೊಂಡಿತು. ಬಯಕೆ ತೀರದ್ದಕ್ಕೇ ಹೋಯಿತು ಎಂದಳು ಸೂಲಗಿತ್ತಿ. ಅಂಗಳದ ಹೆಂಗಸರೆಲ್ಲ ತಲೆಯಾಡಿಸಿದರು. ಆಮೇಲೆ ಎರಡು ಬಸಿರು ನಿಲ್ಲಲೇ ಇಲ್ಲ.

ಅವನು ರೊಟ್ಟಿಯಿಂದ ಹೆಬ್ಬೆರಳಿನಷ್ಟು ತುಂಡು ಮುರಿದು ತಂತಿಯೊಳಗೆ ತೂರಿಸಿದ. “ತಗೋ ತಾಯಿ. ನಿನ್ನ ಪಾಪ ನನಗೆ ಬೇಡ” ಎಂದ. ಪಕ್ಕದ ಬೋನಿನ ಗಂಡು ಇಲಿಯೂ ಎದ್ದು ನಿಂತಿತು. “ನಿನಗೇನೋ ಬಂದಿರೋದು? ಗಂಡಸು ನೀನು, ಸುಮ್ನೆ ಬಿದ್ದಿರು” ಎಂದು ಬೈದ.

ಬಲಸಾಲಿಗೆ ಸೊಪ್ಪು ಬಿಟ್ಟು ಬೇರೇನೂ ಹಾಕಬಾರದು ಎಂಬುದು ಅವನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಒಂದು ಹಿಡಿ ಕಾಳು ಆ ಕಡೆಯಿಂದ ಈ ಕಡೆಗೆ ಉರುಳಿದರೆ ಹುಡುಗರ ಚಳಿ ಬಿಡಿಸುತ್ತಿದ್ದವನು ಅವನು. ಆದರೆ ಮೇವು ಎಂದರೆ ಅವನ ಲೆಕ್ಕದಲ್ಲಿ ತೂಕ ಮಾಡಿ ಹಾಕುವಂಥದ್ದು. ಇದು ಮೇವಲ್ಲ, ಘಮದ ಪಾಲು. ಅದನ್ನು ಮೇವಿನ ಜೊತೆ ಸೇರಿಸಿ ಯೋಚಿಸುವುದು ಅವನ ತಲೆಗೆ ಬರಲೇ ಇಲ್ಲ. ರಂಜಾನ್ ಮುಗಿದ ಮೇಲೂ ಮಧ್ಯಾಹ್ನದ ರೊಟ್ಟಿ ಬಿಚ್ಚಿದಾಗ ಬಸುರಿ ಇಲಿಗಳು ಎದ್ದು ನಿಲ್ಲುತ್ತಿದ್ದವು, ಪಾಲು ಹೋಗುತ್ತಿತ್ತು. ಹೀಗೆ ಎರಡು ವರ್ಷ, ದಿನವೂ.

ಎಂಬತ್ತೈದರ ವಸಂತದಲ್ಲಿ ವಸ್ಸೀಲಾ ಮಿಠಾಯಿ ಡಬ್ಬಿ ಹಿಡಿದು ಇಲಿಮನೆಗೆ ನುಗ್ಗಿದಳು.

“ಬಾಯಿ ತೆಗಿ ಕಾಕಾ! ನಿನ್ನ ಇಲಿಗಳು ನನ್ನನ್ನ ಡಾಕ್ಟರ್ ಮಾಡ್ತಾ ಇದಾವೆ.”

“ಏನಾಯ್ತು, ಹೇಳಾದ್ರೂ ಹೇಳು.”

“ಬಲಸಾಲು. ಗಂಡುಗಳು ಚೆನ್ನಾಗಿವೆ. ಬಸುರಾಗದ ಹೆಣ್ಣುಗಳೂ ಚೆನ್ನಾಗಿವೆ. ಬಸುರಾದವು ಮಾತ್ರ, ಇಪ್ಪತ್ತಾರರಲ್ಲಿ ಹದಿನೇಳು, ಸಕ್ಕರೆ ತೋರಿಸ್ತಾ ಇವೆ. ಬರೀ ಸೊಪ್ಪು ತಿಂದ್ಕೊಂಡು! ಅಂದ್ರೆ ಊಟದ್ದು ತಪ್ಪಿಲ್ಲ, ಬಸಿರೇ ಕಾರಣ. ಪ್ರೊಫೆಸರ್ ಪ್ಯಾರಿಸ್‌ನ ಸಮ್ಮೇಳನಕ್ಕೆ ಬರೆದು ಕಳಿಸಿಯೂ ಆಯ್ತು.” ಅವಳು ಒಂದು ಮಿಠಾಯಿ ತಾನೂ ಬಾಯಿಗೆ ಹಾಕಿಕೊಂಡಳು. “ಇನ್ನು ಪಾಪ, ಬಸುರಿ ಹೆಂಗಸರನ್ನ ಪಥ್ಯ ಅಂತ ಉಪವಾಸ ಕೆಡವೋದು ಬೇಡ. ಏನು ಬೇಕಾದ್ರೂ ತಿನ್ಲಿ.”

ಬೂಜಮಾ ಮಿಠಾಯಿಯನ್ನು ಕೈಯಲ್ಲೇ ಹಿಡಿದುಕೊಂಡು ನಿಂತ. ಹದಿನೇಳು. ಅವನು ಮನಸ್ಸಿನಲ್ಲಿ ಬೋನುಗಳನ್ನು ಎಣಿಸಿದ. ರೊಟ್ಟಿ ಬಿಚ್ಚಿದೊಡನೆ ಓಡಿಬರುತ್ತಿದ್ದವು ಯಾವುವು, ತುಂಡನ್ನು ಮೂಸಿ ಬಿಟ್ಟುಬಿಡುತ್ತಿದ್ದವು ಯಾವುವು, ಅವನಿಗೆ ಒಂದೊಂದೂ ನೆನಪಿತ್ತು. ಆ ಸಾಲಿನ ಹುಲ್ಲು ಒದ್ದೆಯಾಗುತ್ತಿದ್ದುದನ್ನು ಅವನೂ ಕಂಡಿದ್ದ. ಬಸಿರಿನ ನೀರಡಿಕೆ ಎಂದುಕೊಂಡಿದ್ದ. ಒಂದು ವೇಳೆ ರೊಟ್ಟಿಯೇ ಆಗಿದ್ದರೆ? ಹೇಳಿದರೆ ಈ ಹುಡುಗಿಯ ನಾಲ್ಕು ವರ್ಷ ಮಣ್ಣುಪಾಲು, ತನ್ನ ಕೆಲಸವೂ ಹೋದ ಹಾಗೆ. ಹೇಳದಿದ್ದರೆ ಏನು ಬೇಕಾದರೂ ತಿನ್ನಿ ಎಂದು ಇವರು ನಾಳೆ ಬಸುರಿ ಹೆಂಗಸರಿಗೆ ಹೇಳುತ್ತಾರೆ.

ಹೇಳುವ ಮೊದಲು ತನಗೆ ಖಾತ್ರಿಯಾಗಬೇಕಿತ್ತು. ಹೊಸದಾಗಿ ಬಸುರಾದ ಐದು ಇಲಿಗಳಿಗೆ ಪಾಲು ಕೊಡಲೇ ಇಲ್ಲ. ಊಟದ ಗಂಟು ಎತ್ತಿಕೊಂಡು ಅಂಗಳದ ಅತ್ತಿಮರದ ಕೆಳಗೆ ಹೋಗಿ ಕೂತು ತಿಂದ, ಕೈಬಾಯಿ ತೊಳೆದು ಒಳಗೆ ಬಂದ. ಮನಸ್ಸಿಗೆ ಹಿಂಸೆಯಾಗುತ್ತಿತ್ತು. ಅವು ಅವನನ್ನು ಕಂಡೊಡನೆ ಎದ್ದು ನಿಂತು ತಂತಿ ಹಿಡಿದು ನೋಡುವವು, ಇವನು ಮುಖ ತಿರುಗಿಸುವನು. ದಿನವೂ ಹುಲ್ಲು ಹಿಂಡಿ ನೋಡಿದ. ಒಣಗಿಯೇ ಇತ್ತು. ಹೆತ್ತವು. ಒಂದೊಂದು ಮರಿಯನ್ನೂ ಅಂಗೈ ಮೇಲೆ ಹಾಕಿಕೊಂಡು ಕಿಟಕಿಯ ಬೆಳಕಿಗೆ ಹಿಡಿದು ಹೊಟ್ಟೆ, ಬೆನ್ನು, ಕಿವಿಯ ಹಿಂದೆ ಮಚ್ಚೆ ಹುಡುಕಿದ. ಹದಿನಾಲ್ಕು ಮರಿ, ಒಂದಕ್ಕೂ ಮಚ್ಚೆಯಿಲ್ಲ. ಒಂದೂ ಸಾಯಲಿಲ್ಲ. ಓದು ಬರದ ಮನುಷ್ಯ ಹೀಗೆ ಯಾರಿಗೂ ಹೇಳದೆ ಆ ಕೇಂದ್ರದ ಅತ್ಯಂತ ಚೊಕ್ಕವಾದ ಪ್ರಯೋಗವನ್ನು ಮಾಡಿ ಮುಗಿಸಿದ್ದ, ಮತ್ತು ಅದರ ಉತ್ತರ ಅವನಿಗೆ ಬೇಕಾದದ್ದಾಗಿರಲಿಲ್ಲ.

ಆ ದಿನಗಳಲ್ಲಿ ಮನೆಯಲ್ಲೂ ಅವನದು ಸಿಡಿಮಿಡಿ. ಅಂಗಳದ ಬಚ್ಚಲಲ್ಲಿ ಇರುವೆ ಸಾಲುಗಟ್ಟಿದ್ದಕ್ಕೆ ನೆರೆಮನೆಯ ಮಕ್ಕಳು ಶರಬತ್ತು ಚೆಲ್ಲಿದ್ದಾರೆಂದು ಕೂಗಾಡಿ ಸುಣ್ಣದ ಪುಡಿ ಎರಚಿದ. ಬೆಳಿಗ್ಗೆ ತುಂಬಿಸಿಟ್ಟ ಹೂಜಿ ಸಂಜೆಗೆ ಬರಿದಾಗಿದ್ದಕ್ಕೆ ಮೆಸ್ಸಾವುದಾಳ ಮೇಲೆ ರೇಗಿದ.

“ಊರಿನ ಇಲಿಗೆಲ್ಲ ನೀರು ಕುಡಿಸೋನು, ಹೆಂಡ್ತಿ ನಾಲ್ಕು ಲೋಟ ಕುಡಿದ್ರೆ ಲೆಕ್ಕ ಕೇಳ್ತಾನೆ” ಎಂದಳು ಅವಳು.

ಐದನೆಯ ಇಲಿ ಹೆತ್ತ ಮಾರನೆಯ ಬೆಳಿಗ್ಗೆ ವಸ್ಸೀಲಾ ಒಬ್ಬಳೇ ಇದ್ದಾಗ ಬೂಜಮಾ ಅವಳ ಮೇಜಿನ ಮುಂದೆ ಹೋಗಿ ನಿಂತ. ಟೋಪಿ ಕೈಯಲ್ಲಿತ್ತು.

“ಮಗಳೇ, ಬಲಸಾಲಿನ ಬಸುರಿಯರಿಗೆ ನಾನು ರೊಟ್ಟಿ ಕೊಟ್ಟಿದೀನಿ.”

ಅವಳು ಬರೆಯುತ್ತಲೇ ನಕ್ಕಳು. “ತಮಾಷೆ ಸಾಕು ಕಾಕಾ, ಕೆಲಸ ಇದೆ.”

“ತಮಾಷೆ ಅಲ್ಲ. ಎರಡು ವರ್ಷ. ದಿನಾ.”

ಲೇಖನಿ ನಿಂತಿತು. “ಎಷ್ಟು?”

ಅವನು ಹೆಬ್ಬೆರಳು ತೋರಿಸಿದ. ಅವಳು ಎದ್ದು ಅವನ ಊಟದ ಗಂಟು ಬಿಚ್ಚಿ, ಹೆಬ್ಬೆರಳಿನಷ್ಟು ರೊಟ್ಟಿ ಮುರಿದು ತಕ್ಕಡಿಗೆ ಹಾಕಿದಳು. ನಾಲ್ಕು ಗ್ರಾಂ ತೂಗಿತು. ನೂರೈವತ್ತು ಗ್ರಾಂ ತೂಗುವ ಪ್ರಾಣಿಗೆ ದಿನಕ್ಕೆ ನಾಲ್ಕು ಗ್ರಾಂ ರವೆ.

“ನಾಲ್ಕು ವರ್ಷ ಕಾಕಾ! ನಾಲ್ಕು ವರ್ಷ! ನನ್ನ ಹೊಟ್ಟೆ ಮೇಲೆ ಹೊಡೆದ್ಯಲ್ಲ! ನಾನು ನಿನಗೇನು ಮಾಡಿದ್ದೆ?”

“ನೀನೇನೂ ಮಾಡ್ಲಿಲ್ಲ ತಾಯಿ.”

“ಮತ್ಯಾಕೆ? ಯಾರು ಹೇಳಿದ್ರು ಕೊಡು ಅಂತ?”

“ಘಮ ಹೋಗಿತ್ತು ಅವಕ್ಕೆ” ಎಂದ ಬೂಜಮಾ. “ಬಸುರಿಯರು. ಎದ್ದು ನಿಂತಿದ್ವು. ನಾನು ಒಂದ್ಸಲ ಕೊಡದೇ ಇದ್ದು ಅನುಭವಿಸಿದೀನಿ.” ಆಮೇಲೆ ಗೋಡೆ, ಕೆಂಡ, ಲಿವರ್, ಮೂರು ದಿನದ ಮಗು, ಎಲ್ಲವನ್ನೂ ಹೇಳಿದ. ಹದಿನಾರು ವರ್ಷದಲ್ಲಿ ಅವನು ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. “ಹೋಗ್ಲಿ ಬಿಡು. ಮಗು ನೋಡಿದ್ರೆ ಹೋಗೋ ಮಗು ಅನ್ನಿಸ್ತಿರ್ಲಿಲ್ಲ. ನೋಡಿದೋರೆಲ್ಲ ಮೂರು ತಿಂಗಳ ಕೂಸು ಅಂತಿದ್ರು, ಅಷ್ಟು ದುಂಡಗಿತ್ತು.”

ವಸ್ಸೀಲಾ ಕಣ್ಣೊರೆಸಿಕೊಳ್ಳುತ್ತಿದ್ದವಳು ಕೈ ಇಳಿಸಿದಳು.

“ಎಷ್ಟಿತ್ತು? ತೂಕ?”

“ತೂಕ ಯಾರು ಮಾಡ್ತಾರೆ ಅಲ್ಲಿ? ಖರ್ಜೂರ ತೂಗೋ ತಕ್ಕಡೀಲಿ ಹಾಕಿ ನೋಡಿದ್ಳು ಸೂಲಗಿತ್ತಿ, ಆಶ್ಚರ್ಯಕ್ಕೆ. ಐದು ಕಿಲೋ ದಾಟಿತ್ತು.”

“ನಡುಗ್ತಿತ್ತು ಅಂದ್ಯಲ್ಲ. ಜ್ವರ ಇತ್ತಾ?”

“ಇಲ್ಲ. ತಣ್ಣಗಿತ್ತು. ಬೆವರ್ತಿತ್ತು.”

ಅವಳ ಕೋಪ ಹೋಗಿರಲಿಲ್ಲ, ಆದರೆ ಈಗ ಅದರ ಜೊತೆ ಇನ್ನೇನೋ ಸೇರಿತ್ತು. “ನಾಳೆ ಮೆಸ್ಸಾವುದಾ ಕಾಕಿಯ ಮೂತ್ರ ಒಂದು ಶೀಶೆಯಲ್ಲಿ ತಗೊಂಡು ಬಾ” ಎಂದಳು.

ಮೆಸ್ಸಾವುದಾ ಗಲಾಟೆ ಎಬ್ಬಿಸಿದಳು. “ಇಲೀದು ಮುಗೀತು, ಈಗ ನಂದೋ? ಬೋನು ಎಲ್ಲಿಟ್ಟಿದೀಯ, ಹೇಳು, ಹೋಗಿ ಕೂತ್ಕೋತೀನಿ” ಎಂದಳು. ಆದರೂ ಕೊಟ್ಟಳು. ಆ ಹೊತ್ತಿಗೆ ಕೇಂದ್ರಕ್ಕೆ ಬಣ್ಣದ ಪಟ್ಟಿಗಳು ಬಂದಿದ್ದವು. ಮೂತ್ರಕ್ಕೆ ಅದ್ದಿದರೆ ಸಾಕು, ಕುದಿಸುವ ರಗಳೆಯಿಲ್ಲ. ವಸ್ಸೀಲಾ ಪಟ್ಟಿಯ ಡಬ್ಬಿ ತೆಗೆದಳು.

“ಅದು ಬೇಡ. ನೀಲಿ ನೀರಲ್ಲೇ ಆಗ್ಲಿ. ಅದರ ಬಣ್ಣ ನನಗೆ ಗೊತ್ತು” ಎಂದ ಬೂಜಮಾ.

ಎಂಟು ಹನಿ ಬಿಟ್ಟು, ಕಟ್ಟಿಗೆಯ ಚಿಮಟದಲ್ಲಿ ಕೊಳವೆ ಹಿಡಿದು, ಹನ್ನೊಂದು ವರ್ಷದಿಂದ ಮಾಡುತ್ತಿದ್ದ ಹಾಗೆ ಜ್ವಾಲೆಯ ಮೇಲೆ ಆಡಿಸಿದ. ನೀಲಿ ಹಸಿರಾಯಿತು. ಹಳದಿಯ ಹತ್ತಿರ ನಿಲ್ಲಲೂ ಇಲ್ಲ. ಇಟ್ಟಿಗೆಯ ಪುಡಿ ಕಲಸಿದ ಹಾಗೆ ಕೆಂಪಾಗಿ ತಳಕ್ಕಿಳಿಯಿತು.

“ಇದು ಇವತ್ತಿನದಲ್ಲ ಕಾಕಾ” ಎಂದಳು ವಸ್ಸೀಲಾ ಮೆಲ್ಲಗೆ. “ಹದಿನಾರು ವರ್ಷದ ಹಿಂದಿನದನ್ನ ಖಂಡಿತ ಅಂತ ಯಾರೂ ಹೇಳಕ್ಕಾಗಲ್ಲ. ಆದ್ರೆ ತಾಯಿಗೆ ಬಸಿರಲ್ಲಿ ಸಕ್ಕರೆ ಇದ್ರೆ ಮಗು ಹೀಗೇ ದುಂಡಗೆ ಹುಟ್ಟುತ್ತೆ. ಹುಟ್ಟಿದ ಮೇಲೆ ಅದರ ರಕ್ತದ ಸಕ್ಕರೆ ಒಮ್ಮೆಗೇ ಇಳಿದುಹೋಗುತ್ತೆ. ಆಗ ಹೀಗೇ ನಡುಗುತ್ತೆ. ಲಿವರ್‌ಗೂ ಅದಕ್ಕೂ ಸಂಬಂಧ ಇಲ್ಲ.”

ಬೂಜಮಾ ಕೊಳವೆಯನ್ನು ಕೆಳಗಿಡಲೇ ಇಲ್ಲ. ಬಚ್ಚಲಿನ ಇರುವೆ ಸಾಲು, ಬರಿದಾದ ಹೂಜಿ, ಆರು ತಿಂಗಳಿಂದ ಮಾಯದ ಅವಳ ಹಿಮ್ಮಡಿಯ ಗಾಯ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ನೂರಾರು ಇಲಿಗಳ ಹುಲ್ಲು ಹಿಂಡಿ ಹೇಳಿದವನು. ಅವನಿಗೆ ಆದ ನಾಚಿಕೆ ಅಷ್ಟಿಷ್ಟಲ್ಲ.

ಅಂದು ಸಂಜೆ ಮನೆಯಲ್ಲಿ ನಡೆದ ಮಾತನ್ನು ಕೊನೆಗೆ ಇಟ್ಟುಕೊಂಡು, ಕೇಂದ್ರದ ಕತೆಯನ್ನು ಮೊದಲು ಮುಗಿಸಿಬಿಡುವುದು ಒಳ್ಳೆಯದು. ಬೆನಾಶೂರ್ ಸುದ್ದಿ ಕೇಳಿ, ಒಂದು ಚೂರು ರೊಟ್ಟಿಗೆ ಇಷ್ಟಾಗುವುದಿಲ್ಲ, ಬಾಯಿ ಮುಚ್ಚಿಕೊಂಡು ಬರೆದು ಮುಗಿಸು ಎಂದು ವಸ್ಸೀಲಾಳ ಮೇಲೆ ಹರಿಹಾಯ್ದರು. ಅವಳು ಒಪ್ಪಲಿಲ್ಲ. ಹಾಗಾದರೆ ಬೂಜಮಾನನ್ನು ಕೆಲಸದಿಂದ ತೆಗೆಯುತ್ತೇನೆ ಎಂದರು. “ತೆಗೀರಿ. ನಾಳೆ ಚೌಳಿಗೆ ಸೊಪ್ಪು ಕೊಯ್ಯೋಕೆ ನೀವು ಹೋಗ್ತೀರಾ, ನಾನು ಹೋಗ್ಲಾ?” ಎಂದಳು. ಅಲ್ಲಿಗೆ ಆ ಮಾತು ನಿಂತಿತು. ಪ್ಯಾರಿಸ್‌ಗೆ ಕಳಿಸಿದ್ದನ್ನು ವಾಪಸ್ ತರಿಸಿಕೊಂಡರು. ಮೂರು ತಿಂಗಳು ಅವಳು ಬೂಜಮಾನ ಜೊತೆ ಬೋನಿನ ವಿಷಯ ಬಿಟ್ಟು ಬೇರೆ ಮಾತಾಡಲಿಲ್ಲ. ಬೂಜಮಾನೇ ಬೆನಿ ಅಬ್ಬೆಸ್‌ಗೆ ಹೋಗಿ ಹೊಸದಾಗಿ ಐವತ್ತು ಇಲಿ ತಂದ. ಇನ್ನೂ ಮೂರು ವರ್ಷ ಹಿಡಿಯಿತು. ಎಂಬತ್ತೆಂಟರ ಅಕ್ಟೋಬರ್ ಗಲಭೆಯ ದೆಸೆಯಿಂದ ಪರೀಕ್ಷೆ ಎರಡು ಸಲ ಮುಂದೆ ಹೋಗಿ, ಕೊನೆಗೆ ಅವಳು ಡಾಕ್ಟರ್ ಆದಳು. ಬರೀ ಸೊಪ್ಪು ತಿಂದ ಬಸುರಿ ಇಲಿಗೆ ಏನೂ ಆಗುವುದಿಲ್ಲ ಎಂಬುದು ಅವಳ ಪ್ರಬಂಧದ ಸಾರ. ಏನೂ ಆಗುವುದಿಲ್ಲ ಎಂದು ಹೇಳಲು ಏಳು ವರ್ಷ! ಸಮ್ಮೇಳನಗಳಿಗೆ ಯಾರೂ ಕರೆಯಲಿಲ್ಲ.

ಬಣ್ಣದ ಪಟ್ಟಿಗಳಾದ ಮೇಲೆ ಅಂಗೈಯಲ್ಲಿ ಹಿಡಿಯುವ ಯಂತ್ರಗಳು ಬಂದವು, ಒಂದು ಹನಿ ರಕ್ತಕ್ಕೆ ಅಂಕಿ ತೋರಿಸುವಂಥವು. ಆಮೇಲೆ ಬಂದವು ಬಿಳಿ ಇಲಿಮರಿಗಳು, ವಿದೇಶದಿಂದ, ಮುಚ್ಚಿದ ಪೆಟ್ಟಿಗೆಯಲ್ಲಿ, ಅಪ್ಪ ಅಜ್ಜಂದಿರ ಹೆಸರಿನ ಚೀಟಿಯ ಸಮೇತ, ಹುಟ್ಟಿನಿಂದಲೇ ಕಾಯಿಲೆ ಹೊತ್ತವು. ಅವಕ್ಕೆ ಉಪ್ಪುಸೊಪ್ಪೂ ಬೇಡ, ಬೂಜಮಾನೂ ಬೇಡ. ೨೦೦೩ರಲ್ಲಿ ಅವನು ನಿವೃತ್ತನಾದ ವರ್ಷವೇ ಜರ್ದ್ ಸಾಲು ಖಾಲಿ ಮಾಡಿದರು. ಅಷ್ಟರಲ್ಲಿ ವಸ್ಸೀಲಾ ವಿಭಾಗದ ಮುಖ್ಯಸ್ಥೆ. ಯಾವ ವಿದ್ಯಾರ್ಥಿ ಹೊಸ ಫಲಿತಾಂಶ ಹಿಡಿದು ಕುಣಿಯುತ್ತ ಬಂದರೂ ಅವಳದು ಒಂದೇ ಪ್ರಶ್ನೆ: “ಮೇವು ಹಾಕೋರನ್ನ ಕೇಳಿದ್ಯಾ?”

ಇನ್ನು ಎಂಬತ್ತೈದರ ಆ ಸಂಜೆ. ಬೂಜಮಾ ಮನೆಗೆ ಬಂದಾಗ ಮೆಸ್ಸಾವುದಾ ಅಂಗಳದಲ್ಲಿ ರವೆ ಕಲಸುತ್ತಿದ್ದಳು. ಅವನು ಅವಳೆದುರು ಕುಕ್ಕರುಗಾಲಲ್ಲಿ ಕೂತ. ಮೊದಲು ಕಾಯಿಲೆ ಹೇಳಿದ. ದಿನಾ ಔಷಧಿ, ಕಾಲಿಗೆ ಪಟ್ಟಿ, ರೊಟ್ಟಿ ಕಡಿಮೆ. ಅವಳು “ಯಾ ಲತೀಫ್” ಎಂದು ದೇವರನ್ನು ಕರೆದು ನಿಟ್ಟುಸಿರು ಬಿಟ್ಟಳೇ ಹೊರತು ಕೈ ನಿಲ್ಲಿಸಲಿಲ್ಲ. ಆಮೇಲೆ ಮಗುವಿನ ಮಾತು ತೆಗೆದ. ಐದು ಕಿಲೋ, ನಡುಕ, ತಣ್ಣನೆ ಬೆವರು, ವಸ್ಸೀಲಾ ಹೇಳಿದ್ದೆಲ್ಲ. ಈಗ ಅವಳ ಕೈ ನಿಂತಿತು.

“ಅಂದ್ರೆ ಲಿವರ್‌ನಿಂದ ಅಲ್ವಾ?”

“ಅಲ್ವಂತೆ.”

“ಅವತ್ತು ನೀನು ಹೋಗಿ ಕೇಳಿ ತಂದುಕೊಟ್ಟಿದ್ರೂ ಅವನು ಉಳೀತಿರ್ಲಿಲ್ಲ?”

“ಉಳೀತಿರ್ಲಿಲ್ಲ.”

ಹದಿನಾರು ವರ್ಷದ ಹೊರೆ ತಲೆಯಿಂದ ಇಳಿಯುವುದನ್ನು ಅವನು ಕಾಯುತ್ತ ಕೂತಿದ್ದ. ಮೆಸ್ಸಾವುದಾ ಬಟ್ಟಲಿನ ಅಂಚಿಗೆ ಅಂಟಿದ ರವೆಯನ್ನು ಬೆರಳಿನಿಂದ ಬಳಿದು ಬಳಿದು ಒಳಗೆ ಸೇರಿಸಿದಳು.

“ಆದ್ರೂ ಕೇಳ್ಬೇಕಿತ್ತು ನೀನು” ಎಂದಳು. “ನನಗೆ ತಿನ್ಬೇಕು ಅನ್ನಿಸಿತ್ತು.”